ಪುಣೆಯ ಸೈಕಲ್ ರೇಸ್ ಕೋಚಿಂಗ್: ತಮ್ಮನನ್ನು 8 ತಿಂಗಳು ಕಳಿಸಿದ ಮೇಲೆ ಬರೆಯುತ್ತಿದ್ದೇನೆ

ನಾನು ಪುಣೆ ಹತ್ತಿರದ ಚಾಕಣದಲ್ಲಿ ಕೆಲಸ ಮಾಡುತ್ತೇನೆ, ಊರು ಬಾಗಲಕೋಟೆ ಕಡೆ. ತಮ್ಮನಿಗೆ 19 ವರ್ಷ. ನಮ್ಮ ಕಡೆ ಜಾತ್ರೆಗಳಲ್ಲಿ ಸೈಕಲ್ ರೇಸ್ ಇರುತ್ತಲ್ವಾ, ಅಲ್ಲೆಲ್ಲ ಗೆದ್ದವನು. ದೊಡ್ಡ ತಂಡಕ್ಕೆ ಸೇರಬೇಕು ಅಂತ ನನ್ನ ಹತ್ತಿರ ಬಂದ. ಹತ್ತು ಹುಡುಗರಿಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ, ಹೆಸರು ಹಾಕಬೇಡಿ ಅಂತ ಕೋಚಿಂಗ್ ಕೊಡುವ ಸರ್ ಹೇಳಿದ್ದಾರೆ, ಅದಕ್ಕೇ ಹೆಸರಿಲ್ಲ. ಅವರು ಬೆಳಗಾವಿಯವರು, ಕನ್ನಡ ಮಾತಾಡುತ್ತಾರೆ. ತಿಂಗಳಿಗೆ 6,500 ರೂಪಾಯಿ.

ಮೊದಲ ವಾರ ಬೋಪದೇವ ಘಾಟ್‌ನಲ್ಲಿ 20 ನಿಮಿಷದ ಪರೀಕ್ಷೆ. ಜೀವ ಹೋಗುವಷ್ಟು ತುಳಿದಾಗ ಬಂದ ಸರಾಸರಿ 250 ವಾಟ್ (ಪೆಡಲ್ ಮೇಲೆ ಹಾಕುವ ಶಕ್ತಿಯ ಅಳತೆ). ಸುಮಾರು ಒಂದು ಗಂಟೆ ತುಳಿಯಬಲ್ಲ ಶಕ್ತಿಯ ಅಂದಾಜಿಗೆ ಅದರಲ್ಲಿ ಶೇ 95 ತೆಗೆದುಕೊಂಡು ಅವನ 58 ಕೆಜಿ ತೂಕದಿಂದ ಭಾಗಿಸಿದರು, ಕೆಜಿಗೆ ಸುಮಾರು 4.1 ವಾಟ್ ಬಂತು. ಇದಕ್ಕೆ ಊರಲ್ಲಾದರೆ ಹಾರ ಹಾಕುತ್ತಿದ್ದರು. ಸರ್ ಮಾತ್ರ ನೇರವಾಗಿ ಹೇಳಿದರು, ಅಂತರರಾಷ್ಟ್ರೀಯ ತಂಡಗಳಲ್ಲಿ ಕೆಳಗಿನ ಹಂತವಾದ ಕಾಂಟಿನೆಂಟಲ್ ತಂಡದವರ ಜೊತೆ ಘಾಟ್ ಹತ್ತಬೇಕಾದರೆ 5 ದಾಟಬೇಕು. ಅದರ ಮೇಲೆ ಪ್ರೊಟೀಮ್, ಅದರ ಮೇಲೆ ವರ್ಲ್ಡ್‌ಟೀಮ್. 23ರ ಒಳಗಿನವರ ವಿಭಾಗದಲ್ಲಿ ಓಡಲು 22 ವರ್ಷದವರೆಗೆ ಸಮಯ ಇದೆ, ಅಷ್ಟರಲ್ಲಿ ಏನಾಗುತ್ತದೋ ನೋಡೋಣ ಅಂದರು. ಸುಳ್ಳು ಭರವಸೆ ಕೊಡಲಿಲ್ಲ, ನನಗೆ ಅದೇ ಹಿಡಿಸಿತು.

ಆದರೆ ನಿಜವಾದ ಪಾಠ ವಾಟ್‌ನದ್ದಲ್ಲ. ಭಾನುವಾರ ಬೆಳಿಗ್ಗೆ 5.30ಕ್ಕೆ ಚಾಂದನಿ ಚೌಕದಲ್ಲಿ ಸೇರಿ ಮುಳಶಿ ರಸ್ತೆ ಹಿಡಿಯುತ್ತಾರೆ. ನಾನೂ ಸ್ಕೂಟರ್‌ನಲ್ಲಿ ಹಿಂದೆ ಹೋಗಿದ್ದೆ. ತಮ್ಮ ಸುಮ್ನೆ ಮುಂದೆ ಮುಂದೆ ಹೋಗಿ ಗಾಳಿಯನ್ನೆಲ್ಲ ತಾನೇ ಎದುರಿಸುತ್ತಿದ್ದ, ಉಳಿದವರು ಅವನ ಬೆನ್ನ ಹಿಂದೆ ಆರಾಮಾಗಿ ಬರುತ್ತಿದ್ದರು, ಕೊನೆಯ ಏರು ಬರುವಷ್ಟರಲ್ಲಿ ಇವನ ಕಾಲು ಖಾಲಿ. ಜಾತ್ರೆಯಲ್ಲಿ 10 ಕಿ.ಮೀ. ತಲೆ ತಗ್ಗಿಸಿ ಹೊಡೆದರೆ ಸಾಕಿತ್ತು. ಇಲ್ಲಿ 100 ಕಿ.ಮೀ. ಗುಂಪಿನೊಳಗೆ ಉಳಿಯಬೇಕು. ವೇಗವಾಗಿ ಹೋಗುವಾಗ ಗಾಳಿ ತಾಗದ ಹಿಂದಿನವನಿಗೆ ಸುಮಾರು ಮೂರರಲ್ಲೊಂದು ಪಾಲು ಶ್ರಮ ಕಡಿಮೆ ಆಗುತ್ತದೆ. "ಕಾಲು ಚಲೋ ಅದಾವ, ತಲಿ ಇನ್ನೂ ರೇಸಿಗೆ ಬಂದಿಲ್ಲ" ಅಂದರು ಸರ್. ಆಮೇಲೆ ಎರಡು ತಿಂಗಳು ಅವನಿಗೆ ಒಂದೇ ಕೆಲಸ: ವೀಲ್ ಹಿಡಿ (ಮುಂದಿನವನ ಚಕ್ರದ ಹಿಂದೆಯೇ ಇರು), ಅಡ್ಡಗಾಳಿ ಬಂದರೆ ಎಲ್ಲಿ ನಿಲ್ಲಬೇಕು ನೋಡು, ಸರದಿ ಬಂದಾಗ ಮಾತ್ರ ಮುಂದೆ ಹೋಗು. ಅವನಿಗೆ ಸಿಟ್ಟು ಬರುತ್ತಿತ್ತು, ಮನೆಗೆ ಬಂದು "ಅಣ್ಣಾ, ನನ್ನ ಓಡೋಕೇ ಬಿಡ್ತಿಲ್ಲ" ಅನ್ನುತ್ತಿದ್ದ.

ತಿನ್ನುವುದನ್ನೂ ಕಲಿಸಿದರು. ಉದ್ದ ರೈಡ್‌ನಲ್ಲಿ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್‌ನಿಂದ ಶುರು. ದುಬಾರಿ ಜೆಲ್ ಬೇಕಿಲ್ಲ, ಬಾಳೆಹಣ್ಣು, ಚಿಕ್ಕಿ, ಬಾಟಲಿಯಲ್ಲಿ ಸಕ್ಕರೆ ಉಪ್ಪು.

ಇನ್ನೊಂದು ಉಪಕಾರ. ಇದಕ್ಕೂ ಮೊದಲು ಒಂದು ಅಂಗಡಿಯವರು 5 ಅಡಿ 6 ಇಂಚಿನ ಹುಡುಗನಿಗೆ 56 ಸೈಜಿನ (ಸೆಂ.ಮೀ.) ಫ್ರೇಮ್ ಕೊಟ್ಟಿದ್ದರು. ಮಂಡಿ ನೋವು ಹೋಗುತ್ತಲೇ ಇರಲಿಲ್ಲ. ಸರ್ ನೋಡಿದ ಕೂಡಲೇ ಇದು ನಿನಗೆ ದೊಡ್ಡದು ಅಂದರು, ಹಳೆಯ 52 ಹುಡುಕಿ ಕೊಡಿಸಿದರು. ದಯವಿಟ್ಟು ಅಳತೆ ತೆಗೆಸದೆ ಸೈಕಲ್ ಕೊಳ್ಳಬೇಡಿ.

ಕೊರತೆಗಳೂ ಇವೆ. ಮೂರು ತಿಂಗಳ ಫೀ ಮುಂಗಡ. ತಮ್ಮನಿಗೆ ಡೆಂಗಿ ಬಂದು ಮೂರು ವಾರ ಮಲಗಿದಾಗ ಒಂದು ರೂಪಾಯಿಯೂ ವಾಪಸ್ ಬರಲಿಲ್ಲ, ನನಗೆ ಬೇಜಾರಾಯಿತು. ರೈಡ್ ಡೇಟಾ ಕಳಿಸಿದರೆ ಉತ್ತರ ಬರುವುದು ನಾಲ್ಕು ದಿನದ ಮೇಲೆ. ಲೈಸೆನ್ಸ್, ವಯಸ್ಸಿನ ದಾಖಲೆ, ಯಾವ ರಾಜ್ಯದ ಪರ ಓಡುವುದು, ಇದೆಲ್ಲ ನೀವೇ ಓಡಾಡಬೇಕು. ನಮ್ಮಂಥ ಹೊರಗಿನವರಿಗೆ ಇದರಲ್ಲೇ ಸಹಾಯ ಜಾಸ್ತಿ ಬೇಕು.

2026ರ ಜನವರಿಯಲ್ಲಿ ಪುಣೆ ಗ್ರ್ಯಾಂಡ್ ಟೂರ್ ನಡೆದಾಗ ಹುಡುಗರನ್ನೆಲ್ಲ ರಸ್ತೆ ಬದಿ ನಿಲ್ಲಿಸಿ ತೋರಿಸಿದರು. ಅದು ಯುಸಿಐ (ವಿಶ್ವ ಸೈಕ್ಲಿಂಗ್ ಸಂಸ್ಥೆ) 2.2 ದರ್ಜೆಯ ರೇಸ್, ಮೊದಲ 2 ಅಂದರೆ ಹಲವು ದಿನದ್ದು ಅಂತ ಸರ್ ಹೇಳಿದರು. ಗುಂಪು ಹಾದು ಹೋದದ್ದು ಕೆಲವೇ ಸೆಕೆಂಡ್. ಭಾರತದ ಹುಡುಗರು ಎಲ್ಲಿ ಕೂತಿದ್ದಾರೆ, ಯಾರು ಗಾಳಿಯಲ್ಲಿದ್ದಾರೆ ಅಂತ ತಮ್ಮ ತಾನೇ ಹೇಳುತ್ತಿದ್ದ. ಮೊದಲಾಗಿದ್ದರೆ ಅವನಿಗೆ ಬರೀ ಸ್ಪೀಡ್ ಕಾಣುತ್ತಿತ್ತು.

ಹೋದ ತಿಂಗಳ 80 ಕಿ.ಮೀ. ರೇಸ್‌ನಲ್ಲಿ ಮುಂದಿನ ಗುಂಪಿನ ಜೊತೆಗೇ ಮುಗಿಸಿ 14ನೆಯವನಾದ. ಕೆಜಿಗೆ 4.5 ವಾಟ್ ಆಗಿದೆ. ಮೊನ್ನೆ ಇನ್ನೂ ಮೂರು ತಿಂಗಳ ಫೀ ಕಟ್ಟಿ ಬಂದೆ.