ಐಟಿಐ ಸೇರುವ ಮುನ್ನ ನಿಮ್ಮ ಘಟಕಕ್ಕೆ ಮಾನ್ಯತೆ ಇದೆಯೇ ಎಂದು ನೋಡಿ

ಮಗನನ್ನೋ ತಮ್ಮನನ್ನೋ ಖಾಸಗಿ ಐಟಿಐಗೆ, ಅದರಲ್ಲೂ ಚರ್ಚ್ ಆಡಳಿತದ ತರಬೇತಿ ಶಾಲೆಗೆ ಸೇರಿಸಲು ಹೊರಟವರು ಶುಲ್ಕ ಕಟ್ಟುವ ಮುನ್ನ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. 2021ರಿಂದ 2023ರವರೆಗೆ ಎರಡು ವರ್ಷ ನಾನು ಕರಾವಳಿಯ ಅಂಥದೊಂದು ಶಾಲೆಯಲ್ಲಿ ಫಿಟ್ಟರ್ ಟ್ರೇಡ್, ಅಂದರೆ ಲೋಹದ ಭಾಗಗಳನ್ನು ಅಳತೆಗೆ ತಂದು ಜೋಡಿಸುವ ಕಸುಬು, ಕಲಿತೆ. ಕೆಲಸ ಕಲಿತದ್ದು ನಿಜ, ಆದರೆ ಕಲಿತಿದ್ದೇನೆ ಎನ್ನುವುದಕ್ಕೆ ಸರಕಾರ ಒಪ್ಪುವ ಕಾಗದ ನನ್ನ ಕೈಗೆ ಬರಲಿಲ್ಲ. ಶಾಲೆಯ ಹೆಸರನ್ನು ಬರೆಯುವುದಿಲ್ಲ. ಅಲ್ಲಿ ಮಾನ್ಯತೆಯಿರುವ ಘಟಕದಲ್ಲಿ (ಒಂದು ಟ್ರೇಡಿನ ಒಂದು ತಂಡಕ್ಕೆ ಘಟಕ ಎನ್ನುತ್ತಾರೆ) ಓದಿ ಸರಿಯಾದ ಪ್ರಮಾಣಪತ್ರ ಪಡೆದ ಹುಡುಗರೂ ಇದ್ದಾರೆ. ಅವರ ಕಾಗದದ ಮೇಲೆ ಯಾರಿಗಾದರೂ ಅನುಮಾನ ಹುಟ್ಟುವುದು ನನಗೆ ಬೇಡ.

ನಮ್ಮ ಮನೆಯಲ್ಲಿ ಆ ಶಾಲೆಯ ಬಗ್ಗೆ ಯಾರೂ ಎರಡನೆಯ ಮಾತು ಆಡಲಿಲ್ಲ. ಅದಕ್ಕೆ ಕಾರಣವಿದೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್, ಮತಾಂತರಗೊಂಡು ಕುಲಕಸುಬನ್ನೂ ನೆಲೆಯನ್ನೂ ಕಳೆದುಕೊಂಡವರಿಗೆ ಹೊಟ್ಟೆಪಾಡಿನ ದಾರಿ ಬೇಕೆಂದು ಮುದ್ರಣ, ನೇಯ್ಗೆ, ಹಂಚಿನ ಕೆಲಸಗಳನ್ನು ಆರಂಭಿಸಿತು. 1865ರಲ್ಲಿ ಮಂಗಳೂರಿನ ಜಪ್ಪುವಿನಲ್ಲಿ ಮಿಷನಿನ ಪ್ಲೆಬ್ಸ್ಟ್ ಅವರು ಕಟ್ಟಿದ ಹಂಚಿನ ಕಾರ್ಖಾನೆಯಿಂದಲೇ ಮಂಗಳೂರು ಹಂಚು ದೂರದೂರದ ಊರುಗಳ ಮಾಡು ಏರಿತು. ನನ್ನ ಅಜ್ಜ ನೇತ್ರಾವತಿ ದಂಡೆಯ ಹಂಚಿನ ಕಾರ್ಖಾನೆಯೊಂದರಲ್ಲಿ ದುಡಿದವರು. ಮಿಷನಿನವರು ಕಲಿಸಿದರೆ ಕೈ ತಪ್ಪುವುದಿಲ್ಲ ಎಂದು ಅವರು ಹೇಳುತ್ತಿದ್ದ ಮಾತು ನಮ್ಮ ಮನೆಯಲ್ಲಿ ಉಳಿದುಕೊಂಡಿತ್ತು. ಆದ್ದರಿಂದ ಅಪ್ಪ ಶಾಲೆಯ ಕಚೇರಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, "ಎನ್‌ಸಿವಿಟಿ ಉಂಟಲ್ಲ?" ಎಂದು. ಎನ್‌ಸಿವಿಟಿ ಎಂದರೆ ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ, ಅದರ ಮಾನ್ಯತೆ ಇದೆಯೇ ಎಂದು ಅಪ್ಪ ಕೇಳಿದ್ದು. "ಉಂಟು, ನಮ್ಮದು ಹಳೆಯ ಸಂಸ್ಥೆ" ಎಂಬ ಉತ್ತರ ಬಂತು. ಅದು ಸುಳ್ಳಲ್ಲ. ಆ ಶಾಲೆಗೆ ಮಾನ್ಯತೆ ಇತ್ತು. ನನ್ನನ್ನು ಸೇರಿಸಿಕೊಂಡ ಘಟಕಕ್ಕೆ ಇರಲಿಲ್ಲ. ಅಪ್ಪ ಕೇಳಬೇಕಾಗಿದ್ದ ಪ್ರಶ್ನೆ ಬೇರೆಯದಾಗಿತ್ತು ಎಂದು ನಮಗೆ ತಿಳಿಯಲು ವರ್ಷವೇ ಹಿಡಿಯಿತು.

ಆ ವರ್ಷದ ಸಂದರ್ಭವನ್ನೂ ಹೇಳಬೇಕು. 2021ರಲ್ಲಿ ಕೋವಿಡ್ ಕಾರಣದಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಜುಲೈ ತಿಂಗಳಲ್ಲಿ ಎರಡೇ ದಿನ ನಡೆಸಿ, ಬರೆದವರಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ತೇರ್ಗಡೆ ಮಾಡಲಾಯಿತು. ಪಿಯುಸಿ, ಡಿಪ್ಲೊಮಾ, ಐಟಿಐ ಎಲ್ಲ ಕಡೆಯೂ ಸೀಟಿಗಾಗಿ ಸಾಲು ನಿಂತಿತ್ತು. ನಮ್ಮ ಶಾಲೆಯಲ್ಲಿ ಫಿಟ್ಟರ್ ಟ್ರೇಡಿಗೆ ಒಂದು ಘಟಕ ಇದ್ದಲ್ಲಿ ಆ ವರ್ಷ ಎರಡಾಯಿತು. ಎರಡನೆಯದಕ್ಕೆ ಅನುಮತಿ ಬರುತ್ತದೆ ಎಂದು ಆಡಳಿತದವರು ನಂಬಿದ್ದರೋ, ಬರದಿದ್ದರೂ ನಡೆಯುತ್ತದೆ ಎಂದುಕೊಂಡಿದ್ದರೋ, ನಮಗೆ ಯಾರೂ ಹೇಳಲಿಲ್ಲ. ನಾವು ಹದಿನಾಲ್ಕು ಜನ ಆ ಎರಡನೆಯ ಘಟಕದಲ್ಲಿದ್ದೆವು.

ತರಬೇತಿಯ ಬಗ್ಗೆ ದೂರಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಬೆಳಿಗ್ಗೆ ಐದೂವರೆಗೆ ಹಾಸ್ಟೆಲಿನ ಗಂಟೆ, ಪ್ರಾರ್ಥನೆ, ಅಂಗಳ ಗುಡಿಸುವುದು, ಕುಚ್ಚಲಕ್ಕಿ ಗಂಜಿ ಮತ್ತು ಚಟ್ನಿ, ಎಂಟೂವರೆಗೆ ವರ್ಕ್‌ಶಾಪ್. ಪ್ರಾರ್ಥನೆಗೆ ಎಲ್ಲ ಧರ್ಮದ ಹುಡುಗರೂ ಕುಳಿತುಕೊಳ್ಳುತ್ತಿದ್ದರು, ಅದರಿಂದ ಯಾರಿಗೂ ತೊಂದರೆಯಾದದ್ದು ನಾನು ಕಾಣಲಿಲ್ಲ. ಮೊದಲ ಎರಡು ತಿಂಗಳು ತುಂಡನ್ನು ಬಿಗಿಹಿಡಿಯುವ ವೈಸಿನ ಮುಂದೆ ನಿಂತು ಫೈಲಿಂಗ್, ಅಂದರೆ ಅರದಿಂದ ಲೋಹ ಉಜ್ಜುವುದು, ಒಂದೇ ಕೆಲಸ. ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದು ಮತ್ತೆ ಎದ್ದವು. ಫೈಲ್ ಮುಂದೆ ಹೋಗುವಾಗ ಮಾತ್ರ ಲೋಹವನ್ನು ತಿನ್ನುತ್ತದೆ, ಹಿಂದೆ ಎಳೆಯುವಾಗ ಒತ್ತಿದರೆ ಅದರ ಹಲ್ಲು ಸಾಯುತ್ತದೆ ಎಂಬುದನ್ನು ನಮ್ಮ ಬೋಧಕರಾದ ಬ್ರದರ್ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಹಲ್ಲುಗಳ ನಡುವೆ ಲೋಹದ ಚೂರು ಸಿಕ್ಕಿಕೊಂಡು ತುಂಡಿನ ಮೈ ಗೀರದಿರಲೆಂದು ಫೈಲಿಗೆ ಸೀಮೆಸುಣ್ಣ ತಿಕ್ಕಿಸುತ್ತಿದ್ದರು. ಸಂಜೆ ಪ್ರತಿಯೊಬ್ಬನ ತುಂಡನ್ನೂ ಕಿಟಕಿಯ ಬಳಿ ಒಯ್ದು, ಅದರ ಅಂಚಿಗೆ ಲಂಬಕೋನ ನೋಡುವ ಟ್ರೈ ಸ್ಕ್ವೇರ್ ಇಟ್ಟು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಿದ್ದರು. ಉಕ್ಕಿಗೂ ಸ್ಕ್ವೇರಿಗೂ ನಡುವೆ ಬೆಳಕಿನ ಗೆರೆ ಕಂಡರೆ ತುಂಡು ವಾಪಸು. ನನ್ನದು ಹನ್ನೊಂದು ಸಲ ವಾಪಸು ಬಂತು. ಹನ್ನೆರಡನೆಯ ಸಲ ಬೆಳಕು ನುಸುಳಲಿಲ್ಲ. ಬ್ರದರ್ ಏನೂ ಹೇಳದೆ ಅದನ್ನು ನನ್ನ ಕೈಗಿತ್ತು ಮುಂದಿನವನ ಬಳಿಗೆ ಹೋದರು. ಆ ತುಂಡು ಈಗಲೂ ನನ್ನ ಹತ್ತಿರ ಇದೆ.

ಮೊದಲ ವರ್ಷದ ಪರೀಕ್ಷೆಗೆ ಹಾಲ್ ಟಿಕೆಟ್ ಬಂದಾಗ ವಿಷಯ ಹೊರಬಿತ್ತು. ಅಖಿಲ ಭಾರತ ಮಟ್ಟದ ಟ್ರೇಡ್ ಪರೀಕ್ಷೆಯ ಹಾಲ್ ಟಿಕೆಟ್ ಒಂದನೆಯ ಘಟಕದವರಿಗೆ ಮಾತ್ರ ಬಂದಿತ್ತು. ಅವರು ಥಿಯರಿ ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯಲು ಬೇರೆ ಕೇಂದ್ರಕ್ಕೆ ಬಸ್ಸು ಹತ್ತಿ ಹೋದರು. ನಮಗೆ ಶಾಲೆಯಲ್ಲೇ, ಶಾಲೆಯವರೇ ಅಚ್ಚು ಹಾಕಿಸಿದ ಪ್ರಶ್ನೆಪತ್ರಿಕೆ ಕೊಟ್ಟು ಪರೀಕ್ಷೆ ನಡೆಸಿದರು. ಕೇಳಿದಾಗ, "ನಿಮ್ಮ ಘಟಕದ ಅನುಮತಿ ದೆಹಲಿಯಲ್ಲಿದೆ, ಮುಂದಿನ ವರ್ಷ ಎರಡೂ ವರ್ಷದ್ದನ್ನು ಒಟ್ಟಿಗೆ ಬರೆಯಬಹುದು" ಎಂದರು. ಹದಿನೇಳು ವರ್ಷದ ಹುಡುಗರು ನಾವು, ಹೇಳಿದವರು ಪ್ರತಿದಿನ ನಮಗೆ ಪ್ರಾರ್ಥನೆ ಹೇಳಿಕೊಡುತ್ತಿದ್ದವರು. ನಂಬಿದೆವು.

ಮಾನ್ಯತೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ತಿಳಿದದ್ದು ಆಮೇಲೆ. ದೇಶದಲ್ಲಿ ಐಟಿಐ ತರಬೇತಿ 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಡಿ ನಡೆಯುತ್ತದೆ. ಈಗ ಅದರ ಮೇಲುಸ್ತುವಾರಿ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ್ದು. ಅದು ಕಟ್ಟಡಕ್ಕೆ ಮಾನ್ಯತೆ ಕೊಟ್ಟು ಸುಮ್ಮನಾಗುವುದಿಲ್ಲ. ಯಾವ ಟ್ರೇಡು, ಎಷ್ಟು ಘಟಕ, ಯಾವ ಪಾಳಿ ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಒಪ್ಪುತ್ತದೆ. ಒಂದು ಘಟಕವೆಂದರೆ ಸಾಮಾನ್ಯವಾಗಿ 20ರಿಂದ 24 ಜನ, ಅಷ್ಟು ಜನಕ್ಕೆ ಬೇಕಾದ ವೈಸು, ಲೇತು, ಉಪಕರಣ, ಜಾಗ, ಬೋಧಕರು. ಒಂದೇ ಆವರಣದಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿಗೆ ಮಾನ್ಯತೆ ಇದ್ದು ವೆಲ್ಡರಿಗೆ ಇಲ್ಲದಿರಬಹುದು, ಫಿಟ್ಟರಿನ ಮೊದಲ ಘಟಕಕ್ಕಿದ್ದು ಎರಡನೆಯದಕ್ಕೆ ಇಲ್ಲದಿರಬಹುದು. ಹೊರಗಿನ ಬೋರ್ಡಿನಲ್ಲಿ ಮಾತ್ರ "ಎನ್‌ಸಿವಿಟಿ ಮಾನ್ಯತೆ ಪಡೆದ ಸಂಸ್ಥೆ" ಎಂದು ಒಂದೇ ಸಾಲು ಇರುತ್ತದೆ. ಆ ಸಾಲನ್ನು ಓದಿ ಒಳಗೆ ಹೋದವರು ನಾವು.

ಎರಡನೆಯ ವರ್ಷ ನಮ್ಮ ಘಟಕದ ದಿನಗಳು ಬದಲಾದವು. ಶಾಲೆಗೆ ಹೊರಗಿನಿಂದ ಕಿಟಕಿ ಗ್ರಿಲ್, ಗೇಟು, ಬೆಂಚು ಡೆಸ್ಕುಗಳ ಆರ್ಡರ್ ಬರುತ್ತಿತ್ತು. ಪರೀಕ್ಷೆಯ ತಯಾರಿ ಇದ್ದ ಹುಡುಗರು ಅಭ್ಯಾಸದ ತುಂಡುಗಳನ್ನು (ಜಾಬ್) ಮಾಡುತ್ತಿದ್ದರೆ ನಾವು ಬೆಸುಗೆಯ ಗಂಟುಗಳನ್ನು ಡಿಸ್ಕ್ ಗ್ರೈಂಡರಿನಲ್ಲಿ ಸವರುತ್ತಿದ್ದೆವು, ರೆಡ್ ಆಕ್ಸೈಡ್ ಬಳಿಯುತ್ತಿದ್ದೆವು. ದುಡಿಯುತ್ತ ಕಲಿಯುವುದು ತಪ್ಪಲ್ಲ, ಹಳೆಯ ಮಿಷನ್ ಶಾಲೆಗಳ ಪದ್ಧತಿಯೇ ಅದು. ಆದರೆ ಪಠ್ಯಕ್ರಮದಲ್ಲಿದ್ದ ಹೈಡ್ರಾಲಿಕ್, ನ್ಯೂಮ್ಯಾಟಿಕ್ ಪಾಠಗಳನ್ನು ನಾವು ಪುಸ್ತಕದಲ್ಲಿ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಪರೀಕ್ಷೆ ಬರೆಯುವವರಲ್ಲ ಎಂದು ಶಾಲೆಗೆ ಗೊತ್ತಿದ್ದ ಹುಡುಗರಿಗೆ ಆ ಪಾಠ ಮಾಡುವ ಅಗತ್ಯ ಯಾರಿಗೂ ಕಾಣಲಿಲ್ಲವೇನೋ.

ನಡುವೆ ಬಿಟ್ಟು ಹೋಗಲು ನೋಡಿದ್ದೆ. ಸೇರುವಾಗ ಎಸ್‌ಎಸ್‌ಎಲ್‌ಸಿ ಮೂಲ ಅಂಕಪಟ್ಟಿಯನ್ನೂ ವರ್ಗಾವಣೆ ಪತ್ರವನ್ನೂ ಕಚೇರಿಯಲ್ಲಿ ಒಪ್ಪಿಸಿದ್ದೆವು. ಅವನ್ನು ಹಿಂದೆ ಕೇಳಿದಾಗ, ಎರಡನೆಯ ವರ್ಷದ ಶುಲ್ಕ ಪೂರ್ತಿ ಕಟ್ಟಿದರೆ ಕೊಡುತ್ತೇವೆ ಎಂದರು. ಅಮ್ಮ ಬೀಡಿ ಕಟ್ಟಿ ಉಳಿಸಿದ ಹಣದಿಂದ ಮೊದಲ ವರ್ಷದ ಶುಲ್ಕ ಕಟ್ಟಿದ್ದೆವು. ಕಲಿಯದ ವರ್ಷಕ್ಕೂ ಅಷ್ಟೇ ಹಣ ಕೊಟ್ಟು ಬರುವುದಕ್ಕಿಂತ ಕಲಿತೇ ಮುಗಿಸು ಎಂದು ಅಪ್ಪ ಹೇಳಿದರು. ಆ ಹೊತ್ತಿಗೆ ಅದು ಸರಿಯೆನಿಸಿತು. ಆ ಒಂದು ಅಂಕಪಟ್ಟಿ ನನ್ನ ಕೈಯಲ್ಲಿದ್ದಿದ್ದರೆ ನಾನು ಒಂದು ವರ್ಷ ಮೊದಲೇ ಸರಕಾರಿ ಐಟಿಐಯಲ್ಲಿರುತ್ತಿದ್ದೆ.

2023ರಲ್ಲಿ ಸಮಾರಂಭ ಮಾಡಿ ಪ್ರಮಾಣಪತ್ರ ಕೊಟ್ಟರು. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ಶಾಲೆಯ ಲಾಂಛನ, ಎರಡು ಸಹಿ. ಎನ್‌ಸಿವಿಟಿ ಎಂಬ ಅಕ್ಷರ ಎಲ್ಲೂ ಇರಲಿಲ್ಲ, ನೋಂದಣಿ ಸಂಖ್ಯೆಯೂ ಇರಲಿಲ್ಲ. ಅಮ್ಮ ಅದಕ್ಕೆ ಫ್ರೇಮು ಹಾಕಿಸಿ ಗೋಡೆಗೆ ತೂಗಿದರು. ಮಂಗಳೂರಿನ ಬೈಕಂಪಾಡಿಯ ಸಣ್ಣ ವರ್ಕ್‌ಶಾಪೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಯಾರೂ ಕಾಗದ ಕೇಳಲಿಲ್ಲ, ಒಂದು ತುಂಡು ಕೊಟ್ಟು ಫೈಲ್ ಮಾಡಿಸಿ ನೋಡಿದರು, ಅಷ್ಟೇ. ಹಾಗಾಗಿ ಕೆಲವು ತಿಂಗಳು ನನಗೂ ಇದು ದೊಡ್ಡ ನಷ್ಟವೆನಿಸಲಿಲ್ಲ. 2024ರ ಜನವರಿಯಲ್ಲಿ ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗಳಿಗೆ ಅರ್ಜಿ ಕರೆದಾಗ ನಷ್ಟದ ಅಳತೆ ತಿಳಿಯಿತು. ಎಸ್‌ಎಸ್‌ಎಲ್‌ಸಿಯ ಜೊತೆಗೆ ಫಿಟ್ಟರಿನಂಥ ಟ್ರೇಡಿನಲ್ಲಿ ಎನ್‌ಸಿವಿಟಿ ಅಥವಾ ರಾಜ್ಯ ಮಂಡಳಿಯಾದ ಎಸ್‌ಸಿವಿಟಿ ಮಾನ್ಯತೆಯ ಐಟಿಐ ಆಗಿರಬೇಕು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಒಂದನೆಯ ಘಟಕದ ನನ್ನ ಗೆಳೆಯ ಅರ್ಜಿ ತುಂಬಿದ. ಅದೇ ವರ್ಕ್‌ಶಾಪಿನಲ್ಲಿ, ಅದೇ ಬ್ರದರ್ ಕೈಕೆಳಗೆ, ಪಕ್ಕದ ವೈಸಿನಲ್ಲಿ ಕಲಿತವನು ಅವನು. ನನಗೆ ಅರ್ಜಿ ತುಂಬಲಾಗಲಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಐಟಿಐ ಪಾಸಾದವರಿಗೆಂದು ದೊಡ್ಡ ಕಾರ್ಖಾನೆಗಳು ಕೊಡುವ ಸ್ಟೈಪೆಂಡಿನ ತರಬೇತಿಗೂ ಇದೇ ಉತ್ತರ ಬಂತು.

ಶಾಲೆಗೆ ಅಪ್ಪನ ಜೊತೆ ಹೋಗಿದ್ದೆ. ಆಗ ಬೇರೆ ಪ್ರಾಂಶುಪಾಲರು ಬಂದಿದ್ದರು. ನಮ್ಮನ್ನು ಕೂರಿಸಿ, ಚಹಾ ತರಿಸಿ, ಹಿಂದಿನವರ ಕಾಲದಲ್ಲಿ ಆದದ್ದು, ಕಡತ ನೋಡುತ್ತೇನೆ ಎಂದರು. ಎರಡನೆಯ ಸಲ ಹೋದಾಗ, ಸಂಸ್ಥೆಯ ಪ್ರಮಾಣಪತ್ರ ಕೊಡುತ್ತೇವೆ ಎಂದೇ ಸೇರಿಸಿಕೊಂಡದ್ದು ಎಂದರು. ಅಪ್ಪ ಸಹಿ ಮಾಡಿದ್ದ ಇಂಗ್ಲಿಷ್ ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಆ ಮಾತು ಇತ್ತು. ಬ್ರದರ್ ವರ್ಕ್‌ಶಾಪಿನ ಬಾಗಿಲಲ್ಲಿ ಸಿಕ್ಕಿದರು. ನನ್ನ ಹೆಗಲ ಮೇಲೆ ಕೈಯಿಟ್ಟು, "ನನಗೂ ಆಮೇಲೆ ಗೊತ್ತಾದದ್ದು ಮಗಾ" ಎಂದರು. ಅವರ ಮಾತನ್ನು ನಾನು ನಂಬುತ್ತೇನೆ. ಆದರೆ ಗೊತ್ತಾದ ಮೇಲಾದರೂ ಯಾರಾದರೊಬ್ಬರು ನಮಗೆ ನೇರವಾಗಿ ಹೇಳಬೇಕಿತ್ತು ಎಂಬ ನೋವು ಹೋಗಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಶಾಲೆಗೆ ಮಾನ್ಯತೆ ಇದೆಯೇ ಎಂದು ಕೇಳಬೇಡಿ. ನಿಮ್ಮ ಹುಡುಗ ಸೇರುವ ಟ್ರೇಡಿಗೆ, ಅವನು ಕೂರುವ ಘಟಕಕ್ಕೆ ಇರುವ ಮಾನ್ಯತೆಯ ಆದೇಶವನ್ನು ತೋರಿಸಿ ಎಂದು ಕೇಳಿ. ಐಟಿಐಗಳ ವಿವರವಿರುವ ಕೇಂದ್ರದ ಜಾಲತಾಣದಲ್ಲಿ (ಮೊದಲು ಎನ್‌ಸಿವಿಟಿ ಎಂಐಎಸ್, ಈಗ ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್) ಹುಡುಕಿದರೆ ಆ ಐಟಿಐಗೆ ಯಾವ ಟ್ರೇಡಿನಲ್ಲಿ ಎಷ್ಟು ಘಟಕಗಳಿಗೆ ಒಪ್ಪಿಗೆ ಇದೆ ಎಂಬುದು ಕಾಣುತ್ತದೆ. ಅದು ತಿಳಿಯದಿದ್ದರೆ ಹತ್ತಿರದ ಸರಕಾರಿ ಐಟಿಐಯಲ್ಲಿ ಅಥವಾ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಹೇಳುತ್ತಾರೆ. ಒಪ್ಪಿಗೆಯಾದ ಸಂಖ್ಯೆಗಿಂತ ತರಗತಿಯಲ್ಲಿ ಹುಡುಗರು ಹೆಚ್ಚಿದ್ದರೆ, ಹೆಚ್ಚಿದವರು ಯಾರು ಎಂದು ಆಗಲೇ ಕೇಳಬೇಕು. "ಅನುಮತಿ ಬರುತ್ತಾ ಇದೆ" ಎಂಬ ಮಾತಿಗೆ ಶುಲ್ಕ ಕಟ್ಟಬೇಡಿ, ಬಂದ ಮೇಲೆ ಸೇರಬಹುದು. ಮೂಲ ಅಂಕಪಟ್ಟಿಯನ್ನು ಪರಿಶೀಲನೆಗೆ ತೋರಿಸಿ ಅಲ್ಲೇ ಹಿಂದೆ ಪಡೆಯಿರಿ. ಇಟ್ಟುಕೊಳ್ಳುತ್ತೇವೆ ಎಂದರೆ ಏನೇನು ಇಟ್ಟುಕೊಂಡಿದ್ದಾರೆ, ಯಾವಾಗ ಕೊಡುತ್ತಾರೆ ಎಂದು ಮೊಹರು ಹಾಕಿದ ರಸೀತಿ ಕೇಳಿ. ಅರ್ಜಿ ಇಂಗ್ಲಿಷಿನಲ್ಲಿದ್ದರೆ ಓದಬಲ್ಲವರಿಂದ ಕೊನೆಯ ಸಾಲಿನವರೆಗೆ ಓದಿಸಿ ಸಹಿ ಹಾಕಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರವೇಶ ಮುಗಿದ ಕೆಲವು ವಾರಗಳಲ್ಲಿ ತರಬೇತಿ ಪಡೆಯುವ ಪ್ರತಿ ಹುಡುಗನ ಹೆಸರೂ ಆ ಜಾಲತಾಣದಲ್ಲಿ ನೋಂದಣಿಯಾಗಬೇಕು. ಆ ಸಂಖ್ಯೆಯನ್ನು ಶಾಲೆಯಿಂದ ಕೇಳಿ ಪಡೆದು ನೀವೇ ತೆರೆದು ನೋಡಿ. ಸಂಖ್ಯೆ ಇಲ್ಲದವನಿಗೆ ಹಾಲ್ ಟಿಕೆಟ್ ಬರುವುದಿಲ್ಲ.

ನಾನು 2024ರಲ್ಲಿ ಸರಕಾರಿ ಐಟಿಐಯಲ್ಲಿ ಮೊದಲ ವರ್ಷಕ್ಕೆ ಹೊಸದಾಗಿ ಸೇರಿದೆ. ಮೊದಲ ವಾರದ ಫೈಲಿಂಗ್ ನೋಡಿದ ಬೋಧಕರು, ಎಲ್ಲಿ ಕಲಿತೆ ಎಂದು ಕೇಳಿದರು, ಹೇಳಿದೆ. ನಮ್ಮ ಹದಿನಾಲ್ಕು ಜನರಲ್ಲಿ ಹಾಗೆ ಮತ್ತೆ ಸೇರಿದವರು ಮೂವರು. ಉಳಿದವರಿಗೆ ಮನೆಯ ಹೊಣೆ ಇತ್ತು, ಇನ್ನೆರಡು ವರ್ಷ ಸಂಬಳವಿಲ್ಲದೆ ಕಳೆಯುವ ಸ್ಥಿತಿ ಇರಲಿಲ್ಲ.

ಮರುವರ್ಷ ನೆರೆಮನೆಯ ಅಕ್ಕ ತಮ್ಮ ಮಗನನ್ನು ಎಲೆಕ್ಟ್ರಿಷಿಯನ್ ಟ್ರೇಡಿಗೆ ಸೇರಿಸಲು ಹೊರಟಾಗ ನಾನೂ ಜೊತೆಗೆ ಹೋದೆ. ಅದೂ ಚರ್ಚ್ ನಡೆಸುವ ಶಾಲೆಯೇ, ಬೇರೆಯದು. ಘಟಕದ ಮಾನ್ಯತೆಯ ಆದೇಶ ನೋಡಬೇಕು ಎಂದಾಗ ಕಚೇರಿಯ ಸಿಸ್ಟರ್ ಮುಖ ಸಿಂಡರಿಸಲಿಲ್ಲ, ಕಪಾಟಿನಿಂದ ಕಡತ ತೆಗೆದು ಪುಟ ತೆರೆದು ಮೇಜಿನ ಮೇಲಿಟ್ಟರು. ಅಂಕಪಟ್ಟಿಯನ್ನು ನೋಡಿ, ಜೆರಾಕ್ಸ್ ತೆಗೆದುಕೊಂಡು ಮೂಲವನ್ನು ಹಿಂದೆ ಕೊಟ್ಟರು. ಕೆಲವು ವಾರಗಳ ಮೇಲೆ ಒಂದು ಸಂಜೆ ಅಕ್ಕ ಫೋನು ಹಿಡಿದು ನಮ್ಮ ಮನೆಗೆ ಬಂದರು. ಪರದೆಯ ಮೇಲೆ ಮಗನ ಹೆಸರು, ತಂದೆಯ ಹೆಸರು, ಟ್ರೇಡು, ಅದರ ಕೆಳಗೆ ನೋಂದಣಿ ಸಂಖ್ಯೆ ಇತ್ತು.