ವಾಲ್ವ್ ಸಿ.ಡಿ. ಪ್ಲೇಯರ್ ತಗೊಳ್ಳೋ ಮುಂಚೆ ಲೇಸರ್ ಬಗ್ಗೆ ಕೇಳಿ

ಎಂಟು ತಿಂಗಳಿಂದ ನಮ್ಮ ಮನೆಯಲ್ಲಿ ಜೊಲಿಡಾ ಜೆಡಿ-100 ಅನ್ನೋ ಸಿ.ಡಿ. ಪ್ಲೇಯರ್ ಓಡುತ್ತಿದೆ. ಅಮೆರಿಕದ ಕಂಪನಿಯದು, ಸೆಕೆಂಡ್ ಹ್ಯಾಂಡ್. ಇದು ನನ್ನ ಎರಡನೇ ವಾಲ್ವ್ ಪ್ಲೇಯರ್, ಅಂದರೆ ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವ್ ಇರೋ ಪ್ಲೇಯರ್. ಮೊದಲನೆಯದರಲ್ಲಿ ದುಡ್ಡು ಕಳೆದುಕೊಂಡೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ಮೊದಲನೆಯದರ ವಾಲ್ವ್‌ಗಳು ಡಬ್ಬದ ಮೇಲೆ ಎದ್ದು ನಿಂತಿದ್ದವು. ಲೈಟ್ ಆರಿಸಿದರೆ ಕೆಂಡದ ಹಾಗೆ ಮಿನುಗುತ್ತಿದ್ದವು. ಅದನ್ನೇ ನೋಡಿ ತಂದೆ. ನಾಲ್ಕು ತಿಂಗಳಿಗೆ ಡಿಸ್ಕ್ ಓದೋದು ನಿಲ್ಲಿಸಿತು. ಲೇಸರ್ ಹೋಗಿತ್ತು. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಎರಡು ಶನಿವಾರ ಅಂಗಡಿ ಅಂಗಡಿ ಅಲೆದರೂ ಆ ಲೇಸರ್ ಸಿಗಲಿಲ್ಲ. ಎರಡೂ ವಾಲ್ವ್ ಮಾತ್ರ ಗಟ್ಟಿಯಾಗೇ ಇದ್ದವು!

ಎಲ್ಲರೂ ಹೆದರೋದು ವಾಲ್ವ್‌ಗೆ, ಕೆಟ್ಟರೆ ಹೊಸದು ಸಿಗಲ್ಲ ಅಂತ. ಆದರೆ ಜೆಡಿ-100ರಲ್ಲಿರುವ 12ಎಎಕ್ಸ್7 ವಾಲ್ವ್ ಇವತ್ತಿಗೂ ಸ್ಲೊವಾಕಿಯಾ, ರಷ್ಯಾ, ಚೀನಾದಲ್ಲಿ ಹೊಸದಾಗಿ ತಯಾರಾಗುತ್ತದೆ, ಯಾಕೆಂದರೆ ಗಿಟಾರ್ ಆಂಪ್ಲಿಫೈಯರ್‌ಗಳಿಗೆ ಅದು ಬೇಕೇ ಬೇಕು. ಯುರೋಪಿನಲ್ಲಿ ಅದಕ್ಕೇ ಇಸಿಸಿ83 ಅಂತಾರೆ. ಹಳೇ ಲೇಸರ್‌ಗೆ ಈ ಭಾಗ್ಯ ಇಲ್ಲ. ಹಾಗಾಗಿ ಅಂಗಡಿಯವರನ್ನು ಮೊದಲು ಕೇಳಬೇಕಾದ್ದು ಒಳಗೆ ಯಾವ ಲೇಸರ್ ಇದೆ, ಅದು ಈಗಲೂ ಸಿಗುತ್ತಾ ಅಂತ.

ವಾಲ್ವ್ ಮಾಡೋ ಕೆಲಸ ಚಿಕ್ಕದು. ಸಿ.ಡಿ.ಯಲ್ಲಿರೋದು ಬರೀ ಅಂಕಿ, ಸೆಕೆಂಡಿಗೆ 44,100 ಸಲ ಅಳೆದಿಟ್ಟದ್ದು. ಅದನ್ನು ಲೇಸರ್ ಓದುತ್ತದೆ, ಚಿಪ್ ದನಿಯಾಗಿ ತಿರುಗಿಸುತ್ತದೆ, ಆಮೇಲೆ ಕೊನೇ ಹಂತದಲ್ಲಿ, ದನಿ ಆಂಪ್ಲಿಫೈಯರ್‌ಗೆ ಹೊರಡೋ ಮುಂಚೆ, ವಾಲ್ವ್ ಕೈ ಸೇರಿಸುತ್ತದೆ. ಕೆಟ್ಟ ರೆಕಾರ್ಡಿಂಗನ್ನು ಅದು ಸರಿ ಮಾಡಲ್ಲ.

ಹಾಗಾದರೆ ಯಾಕೆ ಬೇಕು ಅಲ್ವಾ? ಮಲ್ಲಿಕಾರ್ಜುನ ಮನ್ಸೂರರ ಸಿ.ಡಿ. ಹಾಕಿ ಕೂತೆ. ನನ್ನ ಹಳೇ ಮಾಮೂಲಿ ಪ್ಲೇಯರ್‌ನಲ್ಲಿ ತಂಬೂರಿ ಹಿಂದೆಲ್ಲೋ ಒಂದೇ ಸಮ ಗುಂಯ್ ಅನ್ನುತ್ತಿತ್ತು. ಇದರಲ್ಲಿ ಒಂದೊಂದು ತಂತಿ ಮೀಟಿದ್ದೂ ಬೇರೆ ಬೇರೆ ಕೇಳಿತು, ಅವರು ತಾನದ ನಡುವೆ ಉಸಿರು ಎಳೆದುಕೊಳ್ಳೋದೂ ಕೇಳಿತು. ವ್ಯತ್ಯಾಸ ದೊಡ್ಡದಲ್ಲ. ನನಗೆ ಅಷ್ಟೇ ಸಾಕು. ಸಿನಿಮಾ ಹಾಡು, ಜೋರು ತಾಳದ ಸಂಗೀತಕ್ಕೆ ಮಾತ್ರ ನನ್ನ ಹಳೇ ಪ್ಲೇಯರೇ ವಾಸಿ, ಇದರಲ್ಲಿ ಡ್ರಮ್ಮಿನ ಪೆಟ್ಟು ಸ್ವಲ್ಪ ಮೆತ್ತಗೆ.

ವಾಲ್ವ್ ಬದಲಾಯಿಸೋ ಆಸೆ ಬಂದೇ ಬರುತ್ತದೆ. 6922 ಅಂತ ಇನ್ನೊಂದು ಬಗೆಯ ವಾಲ್ವ್ ಇದೆ. 12ಎಎಕ್ಸ್7, 6922 ಎರಡಕ್ಕೂ ಒಂಬತ್ತೇ ಪಿನ್ನು, ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ. ಆದರೆ ಬಿಸಿ ಮಾಡೋ ತಂತಿಯ ಜೋಡಣೆ ಬೇರೆ, ದಯವಿಟ್ಟು ಅದಲು ಬದಲು ಮಾಡಬೇಡಿ. ಮುಚ್ಚಳದೊಳಗೆ ಜೋರು ವೋಲ್ಟೇಜ್ ಇರುತ್ತೆ, ಗೊತ್ತಿದ್ದವರೇ ಬಿಚ್ಚಲಿ.

ಹಳೇದು ತಗೊಳ್ಳೋಕೆ ಹೋದರೆ 70 ನಿಮಿಷ ದಾಟಿದ ಡಿಸ್ಕ್ ಒಂದನ್ನು ಜೊತೆಗೆ ಒಯ್ಯಿರಿ. ಸಿ.ಡಿ. ಓದೋದು ಒಳಗಿಂದ ಅಂಚಿನ ಕಡೆಗೆ. ಲೇಸರ್ ಸೊರಗಿದ್ದರೂ ಮೊದಲ ಹಾಡು ಚೆನ್ನಾಗೇ ಬರಬಹುದು. ಕೊನೇ ಹಾಡು ಹಾಕಿಸಿ, ಪೂರ್ತಿ ಕೇಳಿ, ಆಮೇಲೆ ದುಡ್ಡು ಕೊಡಿ.