ಉತ್ತರಿ ಮಳ್ಯಾಗ ಗಿಡ ಉಳಿಸ್ಕೊಳ್ಳೋರಿಗೆ ಗಂಜ್ ರೋಡಿನ ಈ ಅಂಗಡಿ, ಐದಕ್ಕ ನಾಕು

ರಾಯಚೂರಿನ್ಯಾಗ ಮನಿ ಮುಂದ, ಹಿತ್ತಲದಾಗ, ಮಾಳಿಗಿ ಮ್ಯಾಲ ಗಿಡ ಹಚ್ಚಿದವರು ಭಾಳ ಮಂದಿ ಇದ್ದೀವಿ. ಆದ್ರ ಸಾಮಾನು ಬೇಕಂದ್ರ ಒಂದು ಆನ್‌ಲೈನ್ ತರಿಸ್ತೀವಿ, ಇಲ್ಲಾ ಹೊಲದ ಔಷಧ ಅಂಗಡಿಗೆ ಹೋಗಿ ಹತ್ತಿಗೆ ಹೊಡಿಯೋ ಎಣ್ಣಿನೇ ಸಣ್ಣ ಬಾಟ್ಲ್ಯಾಗ ತಂದು ಮನ್ಯಾಗಿನ ಕರಿಬೇವಿಗೆ ಹೊಡಿತೀವಿ, ಇದು ನೋಡಿ ನೋಡಿ ನಂಗ ಸಾಕಾಗ್ಯದ. ಅದಕ್ಕ ಗಂಜ್ ರೋಡಿನ ಈ ಬೀಜ ಗೊಬ್ಬರದ ಅಂಗಡಿ ಬಗ್ಗೆ ಬರಿಲಿಕ್ಕತ್ತೀನಿ. ಅಂಗಡಿ ಸಣ್ಣದು, ಬೋರ್ಡು ಮಳಿಗೆ ಅರ್ಧ ಅಳಿಸಿ ಹೋಗ್ಯದ. ನಾಕೈದು ವರ್ಷದಿಂದ ಹೋಗ್ತೀನಿ, ಎಲ್ಲಾ ಕಾಲಕ್ಕೂ ಹೋಗ್ತೀನಿ, ಆದ್ರ ಈ ಅಂಗಡಿ ಕಿಮ್ಮತ್ತು ಗೊತ್ತಾಗೋದು ಪುಬ್ಬಿ ಮಳಿ ಮುಗಿದು ಉತ್ತರಿ, ಹಸ್ತಿ ಮಳಿ ಹಿಡಕೊಂಡಾಗ. ಯಾಕಂದ್ರ ಆಗ ಏನು ಕೊಡಬೇಕು ಅನ್ನೋದಕಿಂತ ಏನು ಕೊಡಬಾರ್ದು ಅಂತ ಹೇಳೋರು ಬೇಕು, ಅಂಥವರು ಇಲ್ಲಿ ಅದಾರ.

ನಮ್ಮ ಕಡಿ ಮಳಿನೇ ಹಿಂಗ ನೋಡ್ರಿ. ಜೂನ್‌ದಾಗ ಬೆಂಗಳೂರಿನವರು, ಮಲೆನಾಡಿನವರು ಮಳಿ ಮಳಿ ಅನ್ನುವಾಗ ನಾವು ಮಾಡ ನೋಡ್ಕೋತ ಕೂತಿರ್ತೀವಿ, ನಮಗ ಜೋರು ಬರೋದು ಸೆಪ್ಟೆಂಬರ್‌ಗೆ. 2009ರ ಸೆಪ್ಟೆಂಬರ್ ಕೊನಿ, ಅಕ್ಟೋಬರ್ ಮೊದಲ ವಾರ ಸುರಿದ ಮಳಿ ನಮ್ಮ ಜಿಲ್ಲಾದಾಗ ಯಾರೂ ಮರ್ತಿಲ್ಲ, ಊರೂರೇ ನೀರಾಗ ನಿಂತಿದ್ವು. ಹಂಗಾಗಿ ಮೊಬೈಲ್‌ದಾಗ ಬೇರೆ ಊರಿನವರು ಹೇಳೋ ತೋಟದ ಕ್ಯಾಲೆಂಡರ್ ಇಲ್ಲಿಗೆ ಹೊಂದಂಗಿಲ್ಲ. ಬ್ಯಾಸಗ್ಯಾಗ ಸುಟ್ಟು ಸುಣ್ಣಾಗಿದ್ದ ಗಿಡ ಆಗಸ್ಟ್‌ದಾಗ ಜರಾ ಚಿಗುರಿರ್ತದ, ಅದರ ಮ್ಯಾಲ ತಿಂಗಳೊಪ್ಪತ್ತಿನ ಮಳಿ ಬಿತ್ತಂದ್ರ ಬಿಸಿಲಿಗೆ ಸಾಯದಿದ್ದ ಗಿಡ ನೀರಿಗೆ ಸಾಯ್ತದ.

ಈ ಅಂಗಡ್ಯಾಗ ಕೂಡೋ ಅಣ್ಣಾರಿಗೆ ಇದು ಪಕ್ಕಾ ಗೊತ್ತದ. ನಾನು ಮೊದಲನೇ ಸಲ ಹೋದಾಗ ನಿಂಬಿ ಗಿಡದ ಎಲಿ ಹಳದಿ ಆಗ್ಯಾವ, ಏನರೆ ಗೊಬ್ಬರ ಕೊಡ್ರಿ ಅಂದೆ. ಬ್ಯಾರೆ ಅಂಗಡ್ಯಾಗ ಆಗಿದ್ರ ಯೂರಿಯಾ, ಅದರ ಜೊತಿಗೆ ಒಂದು ಟಾನಿಕ್, ಮುನ್ನೂರು ರೂಪಾಯಿ ಬಿಲ್ ಆಗ್ತಿತ್ತು. ಇವರು ಕೇಳಿದ್ದು, "ಅಕ್ಕಾರ, ಮಣ್ಣು ಎರಿನೋ ಮಸಾರಿನೋ?" ಎರಿ, ಅಂದ್ರ ಕಪ್ಪು ಮಣ್ಣು, ಅಂದೆ. "ಬುಡದಾಗ ನೀರು ನಿಂತದೇನು, ಬೆರಳು ಹಾಕಿ ನೋಡೀರೇನು?" ಅಂತ ಇನ್ನೊಂದು ಕೇಳಿದ್ರು. ಎರಿ ಮಣ್ಣು ಒಣಗಿದಾಗ ಬಿರುಕು ಬಿಡ್ತದ, ಮೊದಲ ಮಳಿ ನೀರು ಆ ಬಿರುಕಿನ್ಯಾಗ ಗಟಗಟ ಇಳಿತದ, ಆಮ್ಯಾಲ ಮಣ್ಣು ಉಬ್ಬಿ ಬಿರುಕು ಮುಚ್ಚಿತಂದ್ರ ನೀರು ಕೆಳಗ ಹೋಗಂಗಿಲ್ಲ, ಬೇರಿಗೆ ಗಾಳಿ ಸಿಗಂಗಿಲ್ಲ, ಬೇರು ಗೊಬ್ಬರ ತಗೊಳ್ಳೋ ಸ್ಥಿತ್ಯಾಗೇ ಇರಂಗಿಲ್ಲ, ಅದಕ್ಕ ಎಲಿ ಹಳದಿ ಆಗ್ತದ, ಅಲ್ಲಿ ಮತ್ತ ಯೂರಿಯಾ ಹಾಕಿದ್ರ ಏನು ಉಪಯೋಗ ಅಂತ ನಿಂತು ಹೇಳಿದ್ರು. ಬುಡದಿಂದ ಒಂದು ಸಣ್ಣ ಕಾಲುವಿ ತೆಗದು ನೀರು ಹೊರಗ ಬಿಡ್ರಿ, ಮಣ್ಣು ಹದಕ್ಕ ಬಂದ ಮ್ಯಾಲ ಮ್ಯಾಗಿಂದ ಮ್ಯಾಗ ಕೆದರ್ರಿ, ಗೊಬ್ಬರ ಆಮ್ಯಾಲ ನೋಡೋಣು. ಅವತ್ತು ನಾ ತಂದಿದ್ದು ಒಂದು ಮೂರು ಹಲ್ಲಿನ ಕೈ ಕೆದರುಕ ಅಷ್ಟೇ. ಗಿಡ ಉಳೀತು, ಈಗೂ ಕಾಯಿ ಬಿಡ್ತದ.

ಹದ ನೋಡೋದೂ ಅಲ್ಲೇ ಕಲಿತೆ. ಒಂದು ಮುಟಿಗಿ ಮಣ್ಣು ಹಿಚುಕಿ ಉಂಡಿ ಮಾಡಿ ಕೆಳಗ ಬಿಡಬೇಕು, ಒಡದು ಪುಡಿಯಾದ್ರ ಕೈ ಹಚ್ಚಬಹುದು, ಪಚ್ ಅಂತ ಕೂತ್ರ ಇನ್ನೂ ಎರಡು ದಿನ ಬಿಡಬೇಕು. ಹಸಿ ಎರಿ ಮಣ್ಣು ಅಗದ್ರ ಸಲಿಕಿಗೆ ಮೆತ್ತಗೋತದ, ಕಾಲಿಗೆ ಹತ್ತತದ, ಆ ಹೆಂಟಿ ಒಣಗಿದ ಮ್ಯಾಲ ಒಡಿಯೋದು ಯಾರಿಂದ ಸಾಧ್ಯ. ಕೆದರುಕಕ್ಕ ಕಟ್ಟಿಗಿ ಹಿಡಿಕಿ ಅದ, ಕಬ್ಬಿಣ ದಪ್ಪ ಅದ, ಇವತ್ತಿಗೂ ಹಲ್ಲು ಬಗ್ಗಿಲ್ಲ. ಮಳ್ಯಾಗ ಹೊರಗ ಬಿಟ್ರ ತುಕ್ಕು ಹಿಡಿತದ, ಅದು ಎಲ್ಲಾ ಕಬ್ಬಿಣಕ್ಕೂ ಆಗೋದೇ, ಒರಿಸಿ ಜರಾ ಎಣ್ಣಿ ಸವರಿ ಇಟ್ಟ್ರ ಸಾಕು.

ಇನ್ನ ಕತ್ತರಿ. ಸಿಕೇಚರ್ ಎರಡು ನಮೂನಿ ಇಟ್ಟಾರ. ಒಂದರಾಗ ಎರಡೂ ಅಲಗು ಒಂದರ ಪಕ್ಕ ಒಂದು ಸರಿತಾವ, ಇನ್ನೊಂದರಾಗ ಒಂದು ಅಲಗು ಕೆಳಗಿನ ಪಟ್ಟಿ ಮ್ಯಾಲ ಬಂದು ಕೂಡ್ತದ. ಎರಡನೇದು ರೊಕ್ಕ ಕಡಿಮಿ, ಆದ್ರ ಅದು ಹಸಿ ಟೊಂಗಿ ಜಜ್ಜತದ, ಜಜ್ಜಿದ ಜಾಗಕ್ಕ ಮಳಿ ನೀರು ಕೂತು ಕರ್ರಗಾಗಿ ಟೊಂಗಿ ಕೆಳತನ ಒಣಗ್ತದ. ಒಣ ಟೊಂಗಿಗೆ ಬೇಕಾದ್ರ ತಗೊಳ್ರಿ, ಗುಲಾಬಿಗೆ ಮೊದಲನೇದೇ ಬೇಕು. ನಾ ತಗೊಂಡಿದ್ದಕ್ಕ ಸ್ಪ್ರಿಂಗ್ ವರ್ಷ ಆಗೋದ್ರಾಗ ಸಡ್ಲಾತು, ಒಯ್ದು ತೋರಿಸಿದ್ರ ಬ್ಯಾರೆ ಸ್ಪ್ರಿಂಗ್ ಹಾಕಿ ಕೊಟ್ರು, ರೊಕ್ಕ ತಗೊಳ್ಳಿಲ್ಲ. ಇಂಥಾದ್ದು ಆನ್‌ಲೈನ್‌ದಾಗ ಯಾರು ಮಾಡ್ತಾರ ಹೇಳ್ರಿ. ಗುಲಾಬಿ ಯಾವಾಗ ಕತ್ತರಿಸಬೇಕು ಅಂತ ಕೇಳೋರಿಗೆ ಅವರು ಹೇಳೋದೂ ಸರಿ ಅದ: ಮಳಿ ಕಡಿಮಿ ಆಗಿ ಎರಡು ಮೂರು ದಿನ ಬಿಸಿಲು ಬಿದ್ದ ಮ್ಯಾಲ, ಅಕ್ಟೋಬರ್‌ದಾಗ, ಹೊರಗ ಮಾರಿ ಮಾಡಿದ ಕಣ್ಣಿನ, ಅಂದ್ರ ಚಿಗುರು ಒಡಿಯೋ ಮೊಗ್ಗಿನ, ಮ್ಯಾಲ ಜರಾ ಓರಿ ಕತ್ತರಿಸಬೇಕು, ನೀರು ಜಾರಿ ಹೋಗ್ಲಿಕ್ಕೆ. ಒಂದೂವರಿ ತಿಂಗಳಿಗೆ ಹೂ ಬರ್ತಾವ. ಒಂದು ಗಿಡದಿಂದ ಇನ್ನೊಂದಕ್ಕ ಹೋಗುವಾಗ ಅಲಗು ಸ್ಪಿರಿಟ್‌ನ್ಯಾಗ ಒರಿಸ್ರಿ, ನಿಂಬಿ ಗಿಡಕ್ಕ ಕಜ್ಜಿ ರೋಗ ಇದ್ರಂತೂ ಎಲಿ ಹಸಿ ಇದ್ದಾಗ ಮುಟ್ಟಲೇಬ್ಯಾಡ್ರಿ, ಮಳಿ ಹನಿ ಸಿಡದೇ ಅದು ಹಬ್ಬೋದು, ನಮ್ಮ ಕೈಯಿಂದ ಮತ್ತಷ್ಟು ಹಬ್ಬತದ. ಮಲ್ಲಿಗಿ ಈಗ ಕತ್ತರಿಸಬ್ಯಾಡ್ರಿ, ಅದಕ್ಕ ನವೆಂಬರ್ ಕೊನಿತನ ಟೈಮ್ ಅದ.

ಮೈಲುತುತ್ತ ಸುಣ್ಣದ ವಿಚಾರಕ್ಕ ಬರ್ತೀನಿ, ಯಾಕಂದ್ರ ಈ ಅಂಗಡಿಗೆ ನಾ ಅರ್ಧ ಅಂಕಿ ಇದಕ್ಕೇ ಕೊಡೋದು. ಬೋರ್ಡೋ ದ್ರಾವಣ ಅಂದ್ರ ಗಿಡಕ್ಕ ಶಿಲೀಂಧ್ರ ರೋಗ ಹತ್ತಬಾರ್ದಂತ ಹೊಡಿಯೋ ತಾಮ್ರ ಸುಣ್ಣದ ನೀರು, ಅದಕ್ಕ ಬೇಕಾದ ಮೈಲುತುತ್ತ, ಅಂದ್ರ ತಾಮ್ರದ ನೀಲಿ ಹರಳು, 100 ಗ್ರಾಂ ಪೊಟ್ಣ ಕಟ್ಟಿ ಕೊಡ್ತಾರ. ಬ್ಯಾರೆ ಕಡಿ ಒಂದು ಕಿಲೋಕ್ಕ ಕಡಿಮಿ ಕೊಡಂಗಿಲ್ಲ, ಮನಿ ತೋಟಕ್ಕ ಅಷ್ಟು ಯಾಕ ಬೇಕು. 10 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಅಂದ್ರ ನೂರಕ್ಕ ಒಂದರ ಲೆಕ್ಕ. ಅರ್ಧ ನೀರಿನ್ಯಾಗ ಅದು, ಅರ್ಧ ನೀರಿನ್ಯಾಗ ಇದು ಬ್ಯಾರೆ ಬ್ಯಾರೆ ಕರಗಿಸಿ, ಎರಡೂ ಒಮ್ಮೆಗೇ ಮೂರನೇ ಬಕೀಟಿಗೆ ಸುರಕೋತ ಕಟ್ಟಿಗಿಲೆ ಕಲಿಸಬೇಕು. ಬಕೀಟು ಪ್ಲಾಸ್ಟಿಕ್ಕೇ ಬೇಕು, ಕಬ್ಬಿಣದ್ದು, ತಗಡಿನ್ದು ಬ್ಯಾಡ. ಛಂದ ನೀಲಿ ಬಣ್ಣ ಬರ್ತದ. ಅಣ್ಣಾರು ಹೇಳಿದ ಪರೀಕ್ಷಾ ಇದು: ತುಕ್ಕು ತಿಕ್ಕಿ ತೆಗೆದ ಒಂದು ಹಳೇ ಕಬ್ಬಿಣದ ಚಾಕು ಅದರಾಗ ಒಂದೆರಡು ನಿಮಿಷ ಅದ್ದಿ ತೆಗೀರಿ, ಅಲಗಿನ ಮ್ಯಾಲ ಕೆಂಪಗ ತಾಮ್ರ ಕೂತ್ರ ಸುಣ್ಣ ಕಡಿಮಿ ಆಗ್ಯದ ಅಂತ ಅರ್ಥ, ಇನ್ನಷ್ಟು ಸುಣ್ಣದ ನೀರು ಹಾಕ್ರಿ, ಇಲ್ಲಂದ್ರ ಎಲಿ ಸುಡ್ತದ. ಮಾಡಿದ ದಿನಾನೇ ಹೊಡದು ಮುಗಸ್ಬೇಕು, ನಾಳಿಗೆ ಇಟ್ಟ್ರ ಕೆಲಸಕ್ಕ ಬರಂಗಿಲ್ಲ. ಎಲಿ ಒಣಗಿರಬೇಕು, ಹೊಡದ ಮ್ಯಾಲ ನಾಕೈದು ತಾಸರೆ ಮಳಿ ಬರಬಾರ್ದು. ಇಷ್ಟೆಲ್ಲಾ ಒಂದು 100 ಗ್ರಾಂ ಪೊಟ್ಣ ಮಾರ್ಲಿಕ್ಕೆ ಯಾರರೆ ಹೇಳ್ತಾರೇನ್ರಿ, ಇವರು ಹೇಳ್ತಾರ, ಗಿರಾಕಿ ನಿಂತ್ರೂ ಹೇಳ್ತಾರ. ಕುಷ್ಟಗಿ ಕಡಿಯಿಂದ ಬಂದಿದ್ದ ದಾಳಿಂಬಿ ತೋಟದವರೊಬ್ಬರಿಗೂ ಅಷ್ಟೇ ಸಮಾಧಾನದಿಂದ ಹೇಳ್ಲಿಕ್ಕತ್ತಿದ್ರು, ದಾಳಿಂಬಿಗೆ ಮಳಿ ಹತ್ತಿದಾಗ ದುಂಡಾಣು ಅಂಗಮಾರಿ ಕಾಟ ಎಷ್ಟು ಅಂತ ಅಲ್ಲಿಯವರಿಗೆ ಹೇಳೋದೇ ಬ್ಯಾಡ.

ಈಗ ಬೇಜಾರಿನ ವಿಷಯ. ಟ್ರೈಕೋಡರ್ಮಾ ಪುಡಿ. ಇದು ಜೀವಂತ ಶಿಲೀಂಧ್ರ, ಬೇರು ಕೊಳಿಯೋದಕ್ಕ ಭಾಳ ಛಲೋ, ಬೇವಿನ ಹಿಂಡಿ, ಹಳೇ ತಿಪ್ಪಿ ಗೊಬ್ಬರದಾಗ ಕಲಿಸಿ ನೆರಳಾಗ ಹಸಿ ಚೀಲ ಮುಚ್ಚಿ ಒಂದೆರಡು ವಾರ ಇಟ್ಟು ಆಮ್ಯಾಲ ಬುಡಕ್ಕ ಹಾಕಿದ್ರ ಒಂದು ಪಾಕೀಟು ಇಡೀ ಹಿತ್ತಲಕ್ಕ ಸಾಲ್ತದ. ಆದ್ರ ಅಂಗಡ್ಯಾಗ ಆ ಪಾಕೀಟು ಬಾಗಲ ಮುಂದಿನ ಗಾಜಿನ ಕಪಾಟಿನ್ಯಾಗ ಇಟ್ಟಾರ, ಮಧ್ಯಾಹ್ನ ಬಿಸಿಲು ನೇರ ಅಲ್ಲಿಗೇ ಬೀಳ್ತದ. ರಾಯಚೂರಿನ ಬಿಸಿಲು ಸೆಪ್ಟೆಂಬರ್‌ದಾಗೂ ಬಿಸಿಲೇ. ಜೀವ ಇರೋ ವಸ್ತು ಹಂಗ ಇಟ್ರ ಒಳಗ ಉಳಿಯೋದು ಬರೇ ಪುಡಿ. ನಾ ಹೇಳಿದೆ, ಒಂದು ಸಲ ಒಳಗ ಇಟ್ಟಿದ್ರು, ಮುಂದಿನ ಸಲ ಹೋದಾಗ ಮತ್ತ ಅಲ್ಲೇ ಇದ್ವು. ಹಂಗಾಗಿ ತಾರೀಖು ನೋಡಿ, ಹಿಂದಿನ ಡಬ್ಬಿಯಿಂದ ತಗಸ್ಕೊಂಡು ತಗೊಳ್ರಿ. ಇನ್ನೊಂದು ಮಾತು, ಮೈಲುತುತ್ತದ ದ್ರಾವಣ ಬುಡಕ್ಕ ಸುರುವಿದ ಜಾಗಕ್ಕ ಇದನ್ನ ಕೂಡಲೇ ಹಾಕಬ್ಯಾಡ್ರಿ, ತಾಮ್ರ ಶಿಲೀಂಧ್ರ ಕೊಲ್ಲೋ ವಸ್ತು, ಇದನ್ನೂ ಕೊಲ್ತದ. ನಡುವ ಎರಡು ವಾರರೆ ಬಿಡಬೇಕು. ಎರಡೂ ಒಂದೇ ದಿನ ಒಯ್ಯೋ ಗಿರಾಕಿಗಳಿಗೆ ಕೌಂಟರಿನ್ಯಾಗಿನ ಹುಡುಗರು ಇದು ಹೇಳಂಗಿಲ್ಲ, ಅಣ್ಣಾರು ಇದ್ರ ಮಾತ್ರ ಹೇಳ್ತಾರ.

ಪ್ಲಾಸ್ಟಿಕ್ ಹಾಳಿನೂ ನಂಗ ಸೇರಲಿಲ್ಲ. ಸಸಿ ಮಡಿ ಮ್ಯಾಲ ಜೋರು ಮಳಿ ಹೊಡತ ಬೀಳಬಾರ್ದಂತ ಕಮಾನು ಮಾಡಿ ಹಾಕ್ಲಿಕ್ಕೆ ಯುವಿ ಹಾಳಿ ಅಂತ ಕೊಟ್ರು, ಮುಂದಿನ ಬ್ಯಾಸಗಿ ಬರೋದ್ರಾಗ ಚಿಪ್ಸ್ ಪಾಕೀಟಿನಂಗ ಚೂರುಚೂರಾತು. ಬಿಸಿಲು ತಡಿಯೋ ಹಾಳಿ ಇಷ್ಟು ಲಗೂನ ಹರಿಯಂಗಿಲ್ಲ. ವಾಪಸ್ ತಗೊಳ್ಳಿಲ್ಲ, ಕಂಪನಿಯವರನ್ನ ಕೇಳ್ತೀವಿ ಅಂದ್ರು, ಏನೂ ಆಗ್ಲಿಲ್ಲ. ತಾಡಪತ್ರಿ ಮಾತ್ರ ಗಟ್ಟಿ ಅದ. ಹಸಿರು ನೆರಳು ಬಲಿ ಬಗ್ಗೆ ಅವರು ಕೊಟ್ಟ ಸಲಹಾ ಎಲ್ಲರಿಗೂ ಉಪಯೋಗ ಆಗ್ತದ: ಬ್ಯಾಸಗಿಗೆ ಕಟ್ಟಿದ್ದನ್ನ ಮಳಿ ಹಿಡದಾಗ ಬಿಚ್ಚಿಡ್ರಿ, ಮಾಡ ಮುಚ್ಚಿದ ದಿನಗಳಾಗ ಅದರ ಕೆಳಗ ಬೆಳಕೂ ಇರಂಗಿಲ್ಲ, ಎಲಿ ಮ್ಯಾಲಿನ ನೀರೂ ಆರಂಗಿಲ್ಲ. ಪಾಟಿನ ಕೆಳಗಿನ ತಾಟೂ ತೆಗೀರಿ, ನೀರು ನಿಂತ್ರ ಬೇರಿಗೂ ಕೇಡು, ಒಂದೇ ವಾರದಾಗ ಡೆಂಗಿ ಸೊಳ್ಳಿ ಹುಟ್ಟಲಿಕ್ಕೂ ಅಷ್ಟು ನೀರು ಸಾಕು.

ಬೀಜ ಛಲೋ ಅವ. ಮೆಂತ್ಯಾ, ಪಾಲಕ, ಕೊತ್ತಂಬ್ರಿ, ಮೂಲಂಗಿ ಎಲ್ಲಾ ಸಣ್ಣ ಪೊಟ್ಣದಾಗ ಸಿಗ್ತಾವ. ಕೊತ್ತಂಬ್ರಿ ಬೀಜ ಚಪ್ಪಲಿಲೆ ಹಗೂರ ತಿಕ್ಕಿ ಎರಡು ಹೋಳು ಮಾಡಿ ಬಿತ್ತಬೇಕು, ಹೋಳಾದ್ರ ಲಗೂ ಮೊಳಿತದ. ಎರಿ ಮಣ್ಣಾಗ ಮಡಿ ಒಂದು ಗೇಣು ಎತ್ತರ ಮಾಡಿ ಹಾಕ್ರಿ, ಸಪಾಟ ನೆಲಕ್ಕ ಹಾಕಿದ್ರ ಚಿತ್ತಿ ಮಳಿ ಒಂದು ಬಂದ್ರ ಮುಗೀತು, ಸಸಿ ಬುಡದಾಗೇ ಕೊಳತು ಬೀಳ್ತಾವ. ಹೂವಿನ ಸಸಿ ಮಾತ್ರ ಇಲ್ಲಿ ತಗೊಬ್ಯಾಡ್ರಿ ಅಂತೀನಿ. ದಸರಾ ಮುಂದ ಚೆಂಡುಹೂ, ಸೇವಂತಿ ಸಸಿ ತಂದು ಬಾಗಲದಾಗ ಇಡ್ತಾರ, ಹೂ ಬಿಟ್ಟದ್ದೇ ತರ್ತಾರ, ನೋಡ್ಲಿಕ್ಕೆ ಛಂದ, ಆದ್ರ ಪಾಕೀಟು ನೀರು ಕುಡದು ಭಾರ ಆಗಿರ್ತದ, ತಳ ಒತ್ತಿ ನೋಡಿದ್ರ ವಾಸನಿ ಬರ್ತದ. ಸಸಿಗೆ ನರ್ಸರಿಗೇ ಹೋಗ್ರಿ, ಪಾಕೀಟಿನ ತೂತಿನಿಂದ ಬಿಳಿ ಬೇರು ಕಾಣೋದು ಆರಿಸ್ಕೊಳ್ರಿ.

ನುಗ್ಗಿ ಗಿಡ ಇದ್ದವರಿಗೆ ಒಂದು ಮಾತು, ಯಾಕಂದ್ರ ಇದು ನಮ್ಮ ಓಣ್ಯಾಗ ಪ್ರತಿ ವರ್ಷ ಜಗಳದ ವಿಷಯ. ಮಳಿಗಾಲದಾಗ ಕಂಬಳಿ ಹುಳ ಬೊಡ್ಡಿ ಮ್ಯಾಲ ಗುಂಪು ಕಟ್ಟಿ ಕೂಡ್ತಾವ, ಮಂದಿ ಹೆದರಿ ಗಿಡಾನೇ ಕಡಸ್ತಾರ. ಅದಕ್ಕ ಎಣ್ಣಿ ಕೇಳಿದವರಿಗೆ ಅಂಗಡಿ ಅಣ್ಣಾರು, "ಸೊಪ್ಪು ತಿಂತೀರಿ, ವಿಷ ಯಾಕ ಹೊಡಿತೀರಿ" ಅಂತ ಕೇಳಿ ವಾಪಸ್ ಕಳಿಸಿದ್ದು ನಾ ಕಣ್ಣಾರೆ ನೋಡೀನಿ. ಹಗಲು ಹೊತ್ತು ಒಂದೇ ಜಾಗಕ್ಕ ಗುಂಪಾಗಿ ಇರ್ತಾವಲ್ಲ, ಉದ್ದ ಕೋಲಿಗೆ ಅರಿವಿ ಸುತ್ತಿ ಸಾಬೂನು ನೀರಾಗ ಅದ್ದಿ ಒರಿಸಿ ಸಾಬೂನು ನೀರಿನ ಬಕೀಟಿಗೇ ಬೀಳಿಸಬೇಕು, ಬರಿಗೈಲೆ ಮುಟ್ಟಬಾರ್ದು, ತುರಿಕಿ ಏಳ್ತದ. ಬಂದ ಗಿರಾಕಿನ ಖಾಲಿ ಕೈಲೆ ಕಳಿಸೋ ಅಂಗಡಿ ನಮ್ಮೂರಾಗ ಅದ ಅನ್ನೋದೇ ನಂಗ ಭಾಳ ದೊಡ್ಡ ಮಾತು.

ಹೋಗೋರಿಗೆ ಇಷ್ಟು ಗೊತ್ತಿರ್ಲಿ. ಅಂಗಡಿ ಮುಂದ ರೋಡು ತಗ್ಗದ, ಜೋರು ಮಳಿ ಆದ್ರ ಮೊಣಕಾಲು ಕೆಳಗಿನತನ ನೀರು ನಿಲ್ತದ, ಗಾಡಿ ದೂರ ಹಚ್ಚಿ ಬರ್ರಿ. ಸಾಮಾನಿನ ಮ್ಯಾಲ ರೇಟ್ ಬರದಿರಂಗಿಲ್ಲ, ಕೇಳಿ ತಗೊಳ್ರಿ, ಬಿಲ್ ಕೇಳಿದ್ರ ಕೊಡ್ತಾರ, ಬೀಜಕ್ಕಂತೂ ಬಿಲ್ ಇಸ್ಕೊಳ್ಳಲೇಬೇಕು. ಫೋನ್‌ಪೇ ನಡಿತದ. ಸಂಜಿಮುಂದ ಹೊಲದ ಮಂದಿ ಗರ್ದಿ ಇರ್ತದ, ಅಣ್ಣಾರು ಕೂತು ಮಾತಾಡೋದು ಮುಂಜಾನಿ ಹತ್ತರಿಂದ ಹನ್ನೆರಡರತನ. ಹೋಗುವಾಗ ಗಿಡದ ಎರಡು ಎಲಿ ಹರಕೊಂಡು ಪ್ಲಾಸ್ಟಿಕ್ ಚೀಲದಾಗ ಹಾಕಿ ಒಯ್ರಿ, ಬುಡದ ಒಂದು ಮುಟಿಗಿ ಮಣ್ಣೂ ಒಯ್ರಿ, ಫೋಟೋ ತೋರಿಸಿದ್ರ ಅವರು ನೋಡಂಗಿಲ್ಲ.